ಜಾಗತಿಕ ಆರೋಗ್ಯ ಓದಹೊರಟವರಿಗೆ ಎರಡು ತಾಲ್ಲೂಕಿನ ಪಾಠಗಳು

ಎಂಪಿಎಚ್ ಮಾಡಬೇಕು, ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಬೇಕು, ಹೊರದೇಶಕ್ಕೆ ಹೋಗಿ ಗ್ಲೋಬಲ್ ಹೆಲ್ತ್ ಓದಬೇಕು ಎಂದು ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು, ‘ಯಾವ ದೇಶ ಒಳ್ಳೇದು ಸರ್?’ ನಾನು ತಿರುಗಿ ಕೇಳುವುದು, ‘ನಿಮಗೆ ಯಾವ ತಾಲ್ಲೂಕು ಗೊತ್ತು?’ ಇದು ಕೊಂಕಲ್ಲ. ಮೈಸೂರಿನಲ್ಲಿ ಪಾಠ ಹೇಳುತ್ತ, ನಂಜನಗೂಡು ಮತ್ತು ತಿ. ನರಸೀಪುರದ ಹಳ್ಳಿಗಳಲ್ಲಿ ವಿದ್ಯಾರ್ಥಿಗಳ ಜೊತೆ ಅಲೆಯುತ್ತ ನನಗೆ ಮನವರಿಕೆಯಾಗಿರುವುದು ಇಷ್ಟು: ಒಂದು ತಾಲ್ಲೂಕನ್ನು ಅದರ ಗದ್ದೆ, ಕಾರ್ಖಾನೆ, ಜಾತ್ರೆ, ಕೇರಿಗಳ ಸಮೇತ ಬಲ್ಲವನಿಗೆ ಲಂಡನ್ನಿನ ಪಾಠ ಬೇಗ ಹತ್ತುತ್ತದೆ. ಅರಿಯದವನಿಗೆ ಅಲ್ಲಿ ಪದವಿ ಸಿಗುತ್ತದೆ, ಅಷ್ಟೇ.

1. ಇದು ಮೈಸೂರಿಗೆ ಹೊಸ ವಿದ್ಯೆಯಲ್ಲ

ಗೇಟ್ಸ್ ಪ್ರತಿಷ್ಠಾನ ಬಂದ ಮೇಲೆ ಹುಟ್ಟಿದ ವಿಷಯ ಇದು ಎಂದುಕೊಂಡವರಿದ್ದಾರೆ. 1920ರ ದಶಕದ ಕೊನೆಯ ಹೊತ್ತಿಗೇ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಮೈಸೂರು ಸಂಸ್ಥಾನದ ಜೊತೆ ಸೇರಿ ಮಲೇರಿಯಾ ಕೆಲಸಕ್ಕೆ ಇಳಿದಿತ್ತು. 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಇಂಥ ಕ್ಲಿನಿಕ್ ನಡೆಸಲು ಮುಂದಾದದ್ದು ಜಗತ್ತಿನಲ್ಲೇ ಮೊದಲು ಎಂದು ಇತಿಹಾಸಕಾರರು ಬರೆಯುತ್ತಾರೆ. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಜನಸಂಖ್ಯೆಯ ದೊಡ್ಡ ಅಧ್ಯಯನಕ್ಕೆ ಆರಿಸಿಕೊಂಡದ್ದೂ ಮೈಸೂರನ್ನೇ.

ನಾನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವುದು ಮಾತ್ರ ಮಿಷನ್ ಆಸ್ಪತ್ರೆಯ ಕತೆ. ಮೈಸೂರಿನ ಸಿಎಸ್ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಶುರುವಾದದ್ದು 1906ರಲ್ಲಿ. ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯ ದಾಖಲೆ 1934ರಿಂದ ಉಳಿದುಕೊಂಡಿದೆ. ಅಳೆದು ಬರೆದ ದಾದಿಯರಿಗೆ ಇದು ಸಂಶೋಧನೆ ಎಂಬ ಯೋಚನೆಯೇ ಇದ್ದಿರಲಾರದು. ಅರ್ಧ ಶತಮಾನ ದಾಟಿದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರಿಗೆ ಆ ಪುಸ್ತಕಗಳು ಬೇಕಾದವು. ತಾಯಿಯ ಹೊಟ್ಟೆಯಲ್ಲಿದ್ದಾಗಿನ ಪೋಷಣೆಗೂ ನಡುವಯಸ್ಸು ದಾಟಿದ ಮೇಲಿನ ಹೃದಯರೋಗಕ್ಕೂ ನಂಟಿದೆ ಎಂಬ ಡೇವಿಡ್ ಬಾರ್ಕರ್ ಅವರ ವಾದವನ್ನು ಯುರೋಪಿನ ಹೊರಗೆ ಒರೆಗೆ ಹಚ್ಚಬೇಕಿತ್ತು. 1934ರಿಂದ 1954ರೊಳಗೆ ಆ ಆಸ್ಪತ್ರೆಯಲ್ಲಿ ಹುಟ್ಟಿ ಇನ್ನೂ ಸುತ್ತಮುತ್ತ ಇದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚು ಎಂಬ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ‘ಪಾರ್ಥೆನಾನ್’ ಅಧ್ಯಯನ ಅವರ ಮಕ್ಕಳು ದೊಡ್ಡವರಾಗುವವರೆಗೂ ಮುಂದುವರಿಯಿತು. ಮಧುಮೇಹದ ಬಗ್ಗೆ ಜಗತ್ತಿನ ಯಾವ ಮೂಲೆಯಲ್ಲಿ ಓದಿದರೂ ಮೈಸೂರಿನ ಈ ಅಮ್ಮಂದಿರು ಎದುರಾಗುತ್ತಾರೆ.

ಅದಕ್ಕೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕರೆದುಕೊಂಡು ಹೋದ ಮೊದಲ ದಿನ ನಾನು ರೋಗಿಯನ್ನು ತೋರಿಸುವುದಿಲ್ಲ, ರಿಜಿಸ್ಟರ್ ತೋರಿಸುತ್ತೇನೆ. ಹುಟ್ಟುತೂಕದ ಕಾಲಂ ಮೇಲೆ ಬೆರಳಾಡಿಸಿ ನೋಡಿ. 2.5, 2.5, 3.0, 2.5. ಎರಡೂವರೆ ಕೆ.ಜಿ.ಗಿಂತ ಕಡಿಮೆ ಬರೆದರೆ ‘ಕಡಿಮೆ ತೂಕದ ಮಗು’ ಎಂದು ಇನ್ನೊಂದು ವರದಿ ತುಂಬಬೇಕು, ಮೇಲಿನವರಿಗೆ ಉತ್ತರ ಹೇಳಬೇಕು. 2.4 ಎಂಬ ಅಂಕಿ ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಆ ತಕ್ಕಡಿಯ ಬಗ್ಗೆಯೂ, ಆ ಸಿಸ್ಟರ್ ಮೇಲಿನ ಕೆಲಸದ ಹೊರೆಯ ಬಗ್ಗೆಯೂ ಒಟ್ಟಿಗೇ ತಿಳಿಯುತ್ತದೆ. ಬಿಪಿ ಕಾಲಮ್ಮಿನಲ್ಲೂ ಇದೇ ಆಟ. ಎಲ್ಲರಿಗೂ 120/80 ಇರುವ ಊರು ಭೂಮಿಯ ಮೇಲೆ ಎಲ್ಲೂ ಇಲ್ಲ. ಈ ಅಂಕಿಗಳೇ ಜಿಲ್ಲೆಗೆ, ರಾಜ್ಯಕ್ಕೆ, ದೆಹಲಿಗೆ, ಅಲ್ಲಿಂದ ಜಿನೀವಾಕ್ಕೆ ಹೋಗಿ ಬಣ್ಣಬಣ್ಣದ ನಕ್ಷೆಗಳಾಗುತ್ತವೆ. ನಕ್ಷೆ ನೋಡುವಾಗ ಈ ಕಾಲಂ ಕಣ್ಣ ಮುಂದೆ ಬರಬೇಕು.

2. ಹಾವಿನ ಜಾಡು ಹಿಡಿದು ಹೋಗಿ

ಒಂದೇ ವಿಷಯ ಆರಿಸಿಕೊಂಡು ಇಡೀ ಪಠ್ಯಕ್ರಮ ಕಲಿಸು ಎಂದರೆ ನಾನು ಆರಿಸುವುದು ಹಾವು ಕಡಿತವನ್ನು.

ನರಸೀಪುರ ನಾಲೆ ಸೀಮೆ. ಭತ್ತ, ಕಬ್ಬು; ಅದಕ್ಕೆ ಇಲಿ; ಇಲಿಯ ಹಿಂದೆ ಹಾವು. ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ ಹಾಕಲು ಹೋದವರು, ಗದ್ದೆಗೆ ನೀರು ತಿರುಗಿಸಲು ಹೋದವರು, ಬರಿಗಾಲಲ್ಲಿ ಕಳೆ ಕೀಳುವ ಹೆಂಗಸರು ಕೊಳಕುಮಂಡಲವನ್ನು ತುಳಿಯುತ್ತಾರೆ. ಅದರ ವಿಷ ಏರಿದವರ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಇದನ್ನು ಪತ್ತೆ ಮಾಡಲು ಯಂತ್ರ ಬೇಡ. ಹೊಸದಾದ, ಒಣಗಿದ ಗಾಜಿನ ನಳಿಕೆಗೆ ಎರಡು ಮಿಲಿಲೀಟರ್ ರಕ್ತ ಬಿಟ್ಟು, ಇಪ್ಪತ್ತು ನಿಮಿಷ ಅಲುಗಾಡಿಸದೆ ನಿಲ್ಲಿಸಿ, ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪಾಗಿ ಕೂತಿದ್ದರೆ ಸದ್ಯಕ್ಕೆ ಉಸಿರಾಡಬಹುದು; ನೀರಿನ ಹಾಗೆ ಹರಿದರೆ ವಿಷ ಏರಿದೆ, ಪ್ರತಿವಿಷ ಶುರು ಮಾಡಬೇಕು. ನಳಿಕೆ ಗಾಜಿನದೇ ಆಗಿರಬೇಕು. ಗಾಜಿನ ಮೈ ತಾಗಿದರೇ ರಕ್ತ ಹೆಪ್ಪುಗಟ್ಟಲು ಶುರುವಾಗುವುದು. ಪ್ಲಾಸ್ಟಿಕ್ ಆದರೂ, ಸೋಪು ಹಾಕಿ ತೊಳೆದ ಹಳೆಯ ಗಾಜಾದರೂ ಫಲಿತಾಂಶ ಕೆಡುತ್ತದೆ. ಸರಬರಾಜಿನಲ್ಲಿ ಪ್ಲಾಸ್ಟಿಕ್ ನಳಿಕೆಯೇ ಬಂದು ಬೀಳುವ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡುವುದು ಹೇಗೆ? ಆರೋಗ್ಯ ವ್ಯವಸ್ಥೆ ಎಂಬ ವಿಷಯದ ಮೇಲೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯ ಪ್ರಶ್ನೆ ನನಗೆ ಸಿಕ್ಕಿಲ್ಲ.

ಕಟ್ಟುಹಾವಿನ ಕತೆ ಬೇರೆ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ; ಗಾಯ ಕಾಣಿಸುವುದೇ ಇಲ್ಲ. ಬೆಳಗ್ಗೆ ಹೊಟ್ಟೆನೋವು ಅನ್ನುತ್ತಾರೆ, ರೆಪ್ಪೆ ಜೋತುಬೀಳುತ್ತದೆ, ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದರೆ ಮುಗಿಯಿತು. ಮಂಚವಿಲ್ಲದ, ಸೊಳ್ಳೆಪರದೆಯಿಲ್ಲದ ಮನೆಯ ಕಾಯಿಲೆ ಇದು.

ಈಗ ಪ್ರತಿವಿಷದ ಶೀಸೆಯನ್ನು ಕೈಗೆ ತೆಗೆದುಕೊಳ್ಳಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕೆ ಒಂದೇ ಔಷಧಿ. ಅದಕ್ಕೆ ಬೇಕಾದ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಹಾವಿನ ಚರ್ಮದ ವ್ಯಾಪಾರ ನಿಷೇಧವಾದ ಮೇಲೆ ಇರುಳರ ಹೊಟ್ಟೆಪಾಡಿಗೆಂದು 1978ರಲ್ಲಿ ರೊಮ್ಯುಲಸ್ ವಿಟೇಕರ್ ನೆರವಿನಿಂದ ಕಟ್ಟಿದ ಸಂಘ ಅದು. ಆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಕುದುರೆಯ ರಕ್ತದಿಂದ ಔಷಧಿ ತೆಗೆಯುತ್ತಾರೆ. ತಮಿಳುನಾಡಿನ ಕರಾವಳಿಯ ಹಾವಿನ ವಿಷಕ್ಕೆ ಮಾಡಿದ ಔಷಧಿ ದೇಶದ ಉಳಿದ ಕಡೆಯ ಹಾವಿಗೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಯೇ? ಮಾಡಬೇಕೆಂದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ತೋರಿಸುತ್ತ ಬಂದಿದೆ.

ಇನ್ನು ಲೆಕ್ಕ. ಹಾವು ಕಚ್ಚಿ ಸತ್ತವರ ಅಧಿಕೃತ ಸಂಖ್ಯೆ ಒಂದು ಕಾಲಕ್ಕೆ ವರ್ಷಕ್ಕೆ ಸಾವಿರದ ಆಸುಪಾಸಿನಲ್ಲಿತ್ತು. ಮನೆಮನೆಗೆ ಹೋಗಿ, ಸತ್ತವರ ಬಂಧುಗಳನ್ನು ಕೂರಿಸಿಕೊಂಡು, ಏನಾಯಿತು ಎಂದು ಕೇಳಿ ಬರೆದುಕೊಂಡ ಅಧ್ಯಯನ 2011ರಲ್ಲಿ ಪ್ರಕಟವಾದಾಗ ಸಂಖ್ಯೆ ಸುಮಾರು 46,000 ಆಯಿತು. 2020ರಲ್ಲಿ ಬಂದ ಮುಂದಿನ ಅಂದಾಜು: 2000ರಿಂದ 2019ರವರೆಗೆ 12 ಲಕ್ಷ ಸಾವು, ವರ್ಷಕ್ಕೆ ಸರಾಸರಿ 58,000. ಮೊದಲ ಅಧ್ಯಯನದ ಪ್ರಕಾರ ಸತ್ತವರಲ್ಲಿ ಕಾಲುಭಾಗದಷ್ಟು ಮಂದಿಯೂ ಆಸ್ಪತ್ರೆಯಲ್ಲಿ ಸತ್ತಿರಲಿಲ್ಲ. ಆಸ್ಪತ್ರೆಯ ಪುಸ್ತಕ ನೋಡಿ ಕಾಯಿಲೆ ಎಣಿಸುವವರಿಗೆ ಇವರ್ಯಾರೂ ಕಾಣಿಸಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿ, 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಗುರಿಯನ್ನು 2019ರಲ್ಲಿ ಹಾಕಿಕೊಂಡಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ, ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು.

ಕಬ್ಬಿನ ಗದ್ದೆಯ ಬದುವಿನಿಂದ ಜಿನೀವಾದ ನಿರ್ಣಯದವರೆಗೆ ಒಂದೇ ಎಳೆ. ಜೀವರಸಾಯನ ಶಾಸ್ತ್ರ, ಅಂಕಿಅಂಶ, ಮಾನವಶಾಸ್ತ್ರ, ಅರ್ಥಶಾಸ್ತ್ರ, ಕಾನೂನು ಎಲ್ಲವೂ ಇದರಲ್ಲಿ ಬಂದವು. ರೈತನಿಗೆ ಹಗಲು ಹೊತ್ತು ಮೂರು ಫೇಸ್ ಕರೆಂಟು ಕೊಟ್ಟರೆ ಎಷ್ಟು ಕಡಿತ ತಪ್ಪುತ್ತದೆ ಎಂದು ಲೆಕ್ಕ ಹಾಕುವ ವಿದ್ಯಾರ್ಥಿಗಾಗಿ ನಾನು ಇನ್ನೂ ಕಾಯುತ್ತಿದ್ದೇನೆ.

3. ಕಾರ್ಖಾನೆಯ ಗೇಟಿನ ಹೊರಗೆ ನಿಂತೂ ಕಲಿಯಬಹುದು

2020ರ ಮಾರ್ಚ್ 26ರಂದು ನಂಜನಗೂಡಿನ ಔಷಧಿ ಕಾರ್ಖಾನೆಯೊಂದರ ನೌಕರರೊಬ್ಬರಿಗೆ ಕೋವಿಡ್ ಇರುವುದು ಗೊತ್ತಾಯಿತು. ಅವರು ವಿದೇಶಕ್ಕೆ ಹೋದವರಲ್ಲ. ನೋಡನೋಡುತ್ತ ಸಹೋದ್ಯೋಗಿಗಳು, ಅವರ ಮನೆಯವರು ಸೇರಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಹರಡಿ, ಊರಿಗೆ ಊರೇ ಮುಚ್ಚಿತು. ಚೀನಾದಿಂದ ಬಂದ ಕಚ್ಚಾವಸ್ತುವಿನ ಪೊಟ್ಟಣದ ಮೇಲೆ ಅನುಮಾನ ಬಿದ್ದು, ಮಾದರಿಯನ್ನು ಪುಣೆಯ ವೈರಾಣು ಸಂಸ್ಥೆಗೆ ಕಳಿಸಿದರು; ಅದರಲ್ಲಿ ಏನೂ ಸಿಗಲಿಲ್ಲ. ಸೋಂಕು ಬಂದ ದಾರಿ ಕೊನೆಗೂ ಖಚಿತವಾಗಲಿಲ್ಲ. ಆದರೂ ಮೇ ತಿಂಗಳ ನಡುವಿನ ಹೊತ್ತಿಗೆ ಎಲ್ಲರೂ ಗುಣವಾದರು.

ಮೂಲ ತಿಳಿಯದೆಯೂ ಹರಡುವುದನ್ನು ತಡೆಯಬಹುದು ಎಂಬುದು ಪುಸ್ತಕದ ಮೊದಲ ಅಧ್ಯಾಯ. ಅದನ್ನು ಮಾಡಿ ತೋರಿಸಿದವರು ಪಟ್ಟಿ ಹಿಡಿದು ಮನೆಮನೆಗೆ ಹೋದ ಆರೋಗ್ಯ ಸಹಾಯಕರು, ಆಶಾ ಕಾರ್ಯಕರ್ತೆಯರು, ಪೊಲೀಸರು, ಗ್ರಾಮ ಲೆಕ್ಕಿಗರು. ಅದೇ ಮೇ ತಿಂಗಳಲ್ಲಿ ಅದೇ ಉದ್ಯಮ ಸಮೂಹ ರೆಮ್ಡಿಸಿವಿರ್ ತಯಾರಿಸಲು ಅಮೆರಿಕದ ಕಂಪನಿಯಿಂದ ಪರವಾನಗಿ ಪಡೆಯಿತು. ಜಗತ್ತಿಗೆ ಮಾತ್ರೆ ಒದಗಿಸುವ ಊರು ಇದು. ಕಚ್ಚಾವಸ್ತು ಚೀನಾದಿಂದ, ಗಿರಾಕಿ ಪಶ್ಚಿಮದಲ್ಲಿ, ಕೆಲಸಗಾರರು ಸುತ್ತಲ ಹಳ್ಳಿಗಳವರು. ವ್ಯಾಪಾರ ಮತ್ತು ಆರೋಗ್ಯ ಎಂಬ ಪತ್ರಿಕೆಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗುವ ಅಗತ್ಯವಿಲ್ಲ.

4. ಜಾತ್ರೆಗೆ ಹೋಗಿ, ಆದರೆ ನಲ್ಲಿಯ ಹತ್ತಿರ ನಿಲ್ಲಿ

ಕಾವೇರಿ, ಕಪಿಲೆ ಕೂಡುವ ನರಸೀಪುರದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತ ಬಂದಿದೆ. ಕೋವಿಡ್‌ನಿಂದಾಗಿ 2022ರದು ತಪ್ಪಿ, 2025ರ ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ನಂಜನಗೂಡಿನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ ಪ್ರತಿ ವರ್ಷದವು. ಜನ ಸೇರುವ ಜಾಗದ ಆರೋಗ್ಯ ಎಂಬುದೇ ಈಗ ಒಂದು ಪ್ರತ್ಯೇಕ ವಿಷಯ. ಅದರ ಬೇರು ನಮ್ಮ ಯಾತ್ರೆಗಳಲ್ಲೇ ಇದೆ. 1865ರಲ್ಲಿ ಮೆಕ್ಕಾ ಯಾತ್ರಿಗಳಲ್ಲಿ ಕಾಲರಾ ಹಬ್ಬಿದಾಗ, ಮರುವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಭಾರತದ ತೀರ್ಥಯಾತ್ರೆಗಳತ್ತ ಬೆರಳು ತೋರಿಸಿತು. 1867ರ ಹರಿದ್ವಾರ ಕುಂಭದಿಂದ ಕಾಲರಾ ಉತ್ತರ ಭಾರತಕ್ಕೆಲ್ಲ ಹಬ್ಬಿತು. ಬಂದರಿನಲ್ಲಿ ತಡೆ, ಹಡಗಿನ ತಪಾಸಣೆ, ಕೊನೆಗೆ ಇಂದಿನ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ, ಇವೆಲ್ಲ ಆ ಭಯದ ಸಂತತಿ. ತಮ್ಮ ವ್ಯಾಪಾರಕ್ಕೆ ಧಕ್ಕೆ ಬಂದಾಗಲೇ ದೊಡ್ಡ ದೇಶಗಳು ಬಡವರ ಕಾಯಿಲೆಯ ಬಗ್ಗೆ ಸಭೆ ಸೇರುವುದು ಎಂಬ ಮಾತು ಆಗಲೂ ನಿಜ, ಈಗಲೂ ಬಹುಮಟ್ಟಿಗೆ ನಿಜ.

ಜಾತ್ರೆಯಲ್ಲಿ ವಿದ್ಯಾರ್ಥಿಗಳಿಗೆ ನಾನು ಕೊಡುವ ಕೆಲಸ ಸರಳ. ಕ್ಲೋರಿನ್ ಪರೀಕ್ಷೆಯ ಡಬ್ಬಿ ಹಿಡಿದು ತಾತ್ಕಾಲಿಕ ನಲ್ಲಿಗಳ ಸಾಲಿನ ಮೊದಲನೆಯದರಿಂದ ಕಡೆಯದರವರೆಗೆ ನಡೆಯಬೇಕು. ನೀರಿಗೆ ದ್ರಾವಣದ ಹನಿ ಬಿಟ್ಟರೆ ಹಳದಿ ಬಣ್ಣ ಬರಬೇಕು, ಅದನ್ನು ಡಬ್ಬಿಯ ಬಣ್ಣದ ಪಟ್ಟಿಗೆ ಹೋಲಿಸಬೇಕು. ಟ್ಯಾಂಕಿನ ಹತ್ತಿರ ಹಳದಿ ಗಾಢ, ಮುಂದೆ ಹೋದಂತೆ ತೆಳು, ಕಡೆಯ ನಲ್ಲಿಯಲ್ಲಿ ಕೆಲವೊಮ್ಮೆ ಬರೀ ನೀರಿನ ಬಣ್ಣ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದವನ ವರದಿ ಸುಳ್ಳಲ್ಲ. ಕಡೆಯ ನಲ್ಲಿಯಲ್ಲಿ ಕುಡಿಯುವ ಮಗುವಿಗೆ ಆ ವರದಿಯಿಂದ ಉಪಯೋಗವಿಲ್ಲ, ಅಷ್ಟೇ.

ಇನ್ನೊಂದು ಮಾತು. ನಂಜನಗೂಡಿಗೆ ಜನ ಬರುವುದೇ ಕಾಯಿಲೆ ವಾಸಿಯಾಗಲೆಂದು. ಟಿಪ್ಪುವಿನ ಆನೆಗೆ ಕಣ್ಣು ಬರಿಸಿದ ‘ಹಕೀಂ ನಂಜುಂಡ’ನ ಸನ್ನಿಧಿ, ಉರುಳುಸೇವೆ, ಮುಡಿ, ಕಪಿಲೆಯ ಸ್ನಾನ. ಇದೇ ಊರಿನ ಹೆಸರು ಹೊತ್ತ ಹಲ್ಲುಪುಡಿಯ ಸದ್ವೈದ್ಯಶಾಲೆಗೂ ನೂರು ವರ್ಷ ದಾಟಿದೆ. ಹರಕೆ ಹೊತ್ತವರು ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಬರೆಯುವ ಮೊದಲು ಉರುಳುಸೇವೆ ಮುಗಿಸಿದವರ ಚೀಲದಲ್ಲಿ ಏನಿದೆ ಕೇಳಿ. ಪ್ರಸಾದದ ಪಕ್ಕದಲ್ಲೇ ಶುಗರ್ ಮಾತ್ರೆ ಇರುತ್ತದೆ.

5. ಆಶಾ ನಿಮ್ಮ ಸಹಾಯಕಿಯಲ್ಲ

‘ಸರ್, ಆಶಾ ಅಕ್ಕನಿಗೆ ಫೋನ್ ಮಾಡಿದರೆ ಜನರನ್ನು ಸೇರಿಸಿಕೊಡುತ್ತಾರೆ’ ಎಂದು ಪ್ರಬಂಧದ ಯೋಜನೆಯಲ್ಲೇ ಬರೆದುಕೊಂಡು ಬರುತ್ತಾರೆ. ಅಕ್ಕ ಸೇರಿಸಿಯೂ ಕೊಡುತ್ತಾರೆ, ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆ ದಿನ ಅವರ ತಾಯಿ ಕಾರ್ಡಿನ ಕೆಲಸ ಉಳಿಯುತ್ತದೆ, ಲಾರ್ವಾ ಸಮೀಕ್ಷೆ ಉಳಿಯುತ್ತದೆ, ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅದೇ ಆಶಾಗಳು ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ಕೊಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ಈ ಎರಡು ಸುದ್ದಿಗಳನ್ನು ಅಕ್ಕಪಕ್ಕ ಅಂಟಿಸಿಕೊಂಡು ಓದಿದರೆ ಆರೋಗ್ಯ ಕಾರ್ಯಕರ್ತರ ನೀತಿಯ ಬಗ್ಗೆ ಒಂದು ಸೆಮಿಸ್ಟರ್ ಉಳಿಯುತ್ತದೆ. ಸಂಶೋಧನೆಯ ಬಜೆಟ್ಟಿನಲ್ಲಿ ಆಶಾಳ ದಿನದ ಕೂಲಿ ಇರಲಿ. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.

6. ಊರಿನ ನಕ್ಷೆಯನ್ನು ಊರಿನವರೇ ಬಿಡಿಸಲಿ

ಗೂಗಲ್ ನಕ್ಷೆಯಲ್ಲಿ ದಾರಿ ಕಾಣುತ್ತದೆ, ಕೇರಿ ಕಾಣುವುದಿಲ್ಲ. ಒಂದು ಬೊಗಸೆ ರಂಗೋಲಿ ಪುಡಿ, ಸ್ವಲ್ಪ ಇಟ್ಟಿಗೆ ಪುಡಿ ಕೊಟ್ಟು, ದೇವಸ್ಥಾನದ ಮುಂದಿನ ಬಯಲಲ್ಲಿ ಊರು ಬರೆಯಿರಿ ಎನ್ನಿ. ಗಂಡಸರು ಮೊದಲು ಗುಡಿ ಬರೆಯುತ್ತಾರೆ, ಡೈರಿ ಬರೆಯುತ್ತಾರೆ, ಮುಖಂಡರ ಮನೆ ಬರೆಯುತ್ತಾರೆ. ಹೆಂಗಸರಿಗೆ ಬೇರೆ ಜಾಗದಲ್ಲಿ, ಅಂಗನವಾಡಿಯ ಮುಂದೆ ಎನ್ನೋಣ, ಬರೆಯಲು ಹೇಳಿದರೆ ಬೋರ್‌ವೆಲ್ಲು, ಸೌದೆ ತರುವ ದಾರಿ, ಕತ್ತಲಲ್ಲಿ ಬಯಲಿಗೆ ಹೋಗುವ ಜಾಗ, ಸಾರಾಯಿ ಸಿಗುವ ಅಂಗಡಿ ಬರುತ್ತವೆ. ಎರಡೂ ಒಂದೇ ಊರಿನ ನಕ್ಷೆಗಳು. ಅದರಲ್ಲಿ ಪಿಎಚ್‌ಸಿ ಯಾವ ಕೇರಿಗೆ ಹತ್ತಿರ, ಪೈಪಿನ ಕೊನೆ ಯಾವ ಕೇರಿಯಲ್ಲಿ, ಅಂಗನವಾಡಿಗೆ ಯಾರ ಮಕ್ಕಳು ಹೋಗುತ್ತಾರೆ ಎಂದು ಗುರುತು ಹಾಕಿಸಿದರೆ, ಆರೋಗ್ಯದ ಸಾಮಾಜಿಕ ಕಾರಣಗಳ ಬಗ್ಗೆ 2008ರಲ್ಲಿ ಮೈಕೇಲ್ ಮಾರ್ಮಟ್ ಆಯೋಗ ಬರೆದದ್ದು ನೆಲದ ಮೇಲೆ ಬಿಡಿಸಿದ ಹಾಗೆ ಇರುತ್ತದೆ.

ದೇವನೂರ ಮಹಾದೇವರ ಊರು ನಂಜನಗೂಡು ತಾಲ್ಲೂಕಿನದೇ. ಪ್ರಶ್ನಾವಳಿ ಹಿಡಿದು ಹೊರಡುವ ಮೊದಲು ‘ಕುಸುಮಬಾಲೆ’ ಓದಿ ಬನ್ನಿ ಎಂದು ನಾನು ಹೇಳುವುದು ಸಾಹಿತ್ಯದ ಮೇಲಿನ ಪ್ರೀತಿಗೆ ಮಾತ್ರವಲ್ಲ. ಇಲ್ಲಿಯ ಮಾತು ಕಿವಿಗೆ ಬೀಳದೆ ಇಲ್ಲಿಯವರನ್ನು ಪ್ರಶ್ನೆ ಕೇಳುವುದು ಆಗದ ಕೆಲಸ. ಬೆಂಗಳೂರಿನ ವಿದ್ಯಾರ್ಥಿಗಳು ಗೊಣಗುತ್ತ ಓದುತ್ತಾರೆ.

7. ಕಾಡುಪ್ರಾಣಿಯೂ ಪಠ್ಯದಲ್ಲಿದೆ

2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ನರಸೀಪುರ ತಾಲ್ಲೂಕಿನಲ್ಲಿ ಚಿರತೆ ನಾಲ್ವರನ್ನು ಕೊಂದಿತು. ಕಾಡಂಚಿನ ಊರಲ್ಲ ಇದು. ಚಿರತೆಗೆ ಮರೆಯಾದದ್ದು ಕಬ್ಬಿನ ಗದ್ದೆ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿದ ಅರಣ್ಯ ಸಿಬ್ಬಂದಿಗೆ ಮಂಗನ ಕಾಯಿಲೆ ತಗುಲಿತ್ತು. ‘ಒಂದೇ ಆರೋಗ್ಯ’ ಎಂಬ ಮಾತು ಈಗ ಎಲ್ಲ ಸಮ್ಮೇಳನಗಳಲ್ಲಿ ಕೇಳುತ್ತದೆ. ತಾಲ್ಲೂಕು ಆರೋಗ್ಯಾಧಿಕಾರಿ, ಪಶುವೈದ್ಯರು, ವಲಯ ಅರಣ್ಯಾಧಿಕಾರಿ ಕೊನೆಯ ಸಲ ಒಂದೇ ಮೇಜಿನ ಸುತ್ತ ಕೂತದ್ದು ಯಾವಾಗ ಎಂದು ಕೇಳಿ ನೋಡಿ.

8. ಅನುಮತಿ, ಮಾದರಿ, ಹೆಸರು

ವಿದೇಶದ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಊರಿಗೆ ಬಂದು ಸಂಶೋಧನೆ ಮಾಡುವವರು ತಿಳಿದಿರಬೇಕಾದ್ದು: ಅಲ್ಲಿಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲಿ ಸಾಲದು. ಇಲ್ಲಿಯ ಸಂಸ್ಥೆಯ ಸಮಿತಿಯೂ ಒಪ್ಪಬೇಕು. ವಿದೇಶಿ ಸಹಯೋಗ ಅಥವಾ ಹಣವಿದ್ದರೆ ಐಸಿಎಂಆರ್ ಮೂಲಕ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಗೂ ಹೋಗಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಒಂದೇ ವರ್ಷದ ಕೋರ್ಸಿಗೆ ಹೋದವರು ವಿಮಾನ ಹತ್ತುವ ಮೊದಲೇ ಶುರು ಮಾಡಬೇಕು. ಐಸಿಎಂಆರ್ 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯನ್ನು ಪೂರ್ತಿ ಓದಿ. ರಕ್ತದ ಮಾದರಿ ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಇಡುತ್ತಾರೆ, ಲೇಖನದಲ್ಲಿ ಪಿಎಚ್‌ಸಿ ವೈದ್ಯರ ಹೆಸರು ಇರುತ್ತದೆಯೇ, ಇವನ್ನು ಗೈಡ್ ಹತ್ತಿರ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಆಮೇಲೆ ಕೇಳಲು ಸಂಕೋಚವಾಗುತ್ತದೆ.

9. ಎಲ್ಲಿ ಓದಬೇಕು, ಓದಿ ಏನು ಮಾಡಬೇಕು

ಮೈಸೂರಿನ ಜೆಎಸ್ಎಸ್, ಮಣಿಪಾಲ, ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಗಳಲ್ಲಿ ಎಂಪಿಎಚ್ ಇದೆ. ಎಂಬಿಬಿಎಸ್ಸೇ ಆಗಬೇಕಿಲ್ಲ, ದಂತವೈದ್ಯರು, ಆಯುರ್ವೇದದವರು, ನರ್ಸಿಂಗ್ ಓದಿದವರು, ಸಮಾಜಕಾರ್ಯ ಓದಿದವರೂ ಬರುತ್ತಾರೆ. ನನ್ನ ಅನುಭವದಲ್ಲಿ ಹಳ್ಳಿಯಲ್ಲಿ ಕೆಲಸ ಮಾಡಿ ಬಂದ ನರ್ಸುಗಳು ಎಲ್ಲರಿಗಿಂತ ಚುರುಕು. ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಗ್ರಾಮೀಣ ತರಬೇತಿ ಕೇಂದ್ರ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲೇ ಇದೆ. ಎಚ್.ಡಿ. ಕೋಟೆ ಕಡೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಿಂದ ಮಾಡಿಕೊಂಡು ಬಂದ ಕೆಲಸ ನೋಡಲು ಅಮೆರಿಕದ ಕಾರ್ನೆಲ್ ವಿದ್ಯಾರ್ಥಿಗಳೂ ಬರುತ್ತಾರೆ.

ಹೊರಗೆ ಹೋಗುವುದಾದರೆ ಎರಡು ವರ್ಷ ಕೆಲಸ ಮಾಡಿ ಹೋಗಿ. ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಆ ಎರಡು ವರ್ಷದ ಅನುಭವ ಷರತ್ತೇ ಹೌದು. ಓದಿ ಮುಗಿಸಿ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆಂಬುದೂ ಷರತ್ತು. ಕಾಮನ್‌ವೆಲ್ತ್, ಎರಾಸ್ಮಸ್ ಮುಂಡಸ್ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಜಮೀನು ಅಡವಿಟ್ಟು ಮಾತ್ರ ಹೋಗಬೇಡಿ. ಈ ಓದಿನಿಂದ ಆ ಸಾಲ ತೀರುವುದು ಕಷ್ಟ. ಇಲ್ಲಿ ಎಂಪಿಎಚ್ ಪದವಿಗೆ ಸರ್ಕಾರದಲ್ಲಿ ಇನ್ನೂ ಗಟ್ಟಿ ಹುದ್ದೆಗಳಿಲ್ಲ. ಬಹುಪಾಲು ಗುತ್ತಿಗೆ ಕೆಲಸ, ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಇದನ್ನು ಪ್ರವೇಶದ ದಿನವೇ ಕಾಲೇಜುಗಳು ಹೇಳಬೇಕು. ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ.

ಲಂಡನ್ನಿನ ಉಷ್ಣವಲಯ ವೈದ್ಯ ಶಾಲೆ 1899ರಲ್ಲಿ ಶುರುವಾದದ್ದು ಹಡಗುಗಳು ಬಂದು ನಿಲ್ಲುವ ದಕ್ಕೆಯ ಪಕ್ಕ, ಸಾಮ್ರಾಜ್ಯದ ನೌಕರರನ್ನು ಮಲೇರಿಯಾದಿಂದ ಕಾಪಾಡಲು. ಇವತ್ತು ಅಲ್ಲಿ ಕಲಿಯುವುದು ಬೇಕಾದಷ್ಟಿದೆ; ವಿಶೇಷವಾಗಿ ಅಂಕಿಅಂಶ ಶಾಸ್ತ್ರವನ್ನು ಅವರಂತೆ ಹೇಳಿಕೊಡುವವರು ಕಡಿಮೆ. ಆದರೆ ನಿಮ್ಮನ್ನು ಓದಿಸುವ ಪುಸ್ತಕ ಯಾರ ಅಗತ್ಯಕ್ಕೆ ಬರೆದದ್ದು ಎಂಬ ಪ್ರಶ್ನೆ ಜೇಬಿನಲ್ಲಿರಲಿ.

10. ಬರೆದುಕೊಂಡು ಹೋದದ್ದನ್ನು ತಿರುಗಿ ತಂದುಕೊಡಿ

ಮೂಗೂರು ಕಡೆಯ ಜಗಲಿಯೊಂದರಲ್ಲಿ ವಯಸ್ಸಾದ ಅಮ್ಮ ನನ್ನ ವಿದ್ಯಾರ್ಥಿಗೆ ಹೇಳಿದ್ದು: ‘ಬತ್ತೀರಿ, ಕೇಳ್ತೀರಿ, ಬರ್ಕೊಂಡು ಹೋಯ್ತೀರಿ. ಏನ್ ಬರ್ಕೊಂಡ್ರಿ ಅಂತ ಇದುವರ್ಗೂ ಒಬ್ರೂ ಬಂದು ಹೇಳ್ನಿಲ್ಲ ಕನಪ್ಪ.’ ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ನನಗೂ ಇರಲಿಲ್ಲ.

ನಂಜನಗೂಡು, ನರಸೀಪುರದ ಜನರ ಬಿಪಿ, ಶುಗರ್, ರಕ್ತಹೀನತೆ, ಶೌಚಾಲಯ, ಕುಡಿತದ ಮೇಲೆ ಬಂದ ಪ್ರಬಂಧಗಳು ಮೈಸೂರಿನ ಗ್ರಂಥಾಲಯಗಳಲ್ಲಿ ಸಾಲುಸಾಲಾಗಿ ನಿಂತಿವೆ, ಎಲ್ಲ ಇಂಗ್ಲಿಷಿನಲ್ಲಿ. ಈಗ ನಮ್ಮಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಪ್ರಬಂಧ ಸಲ್ಲಿಸುವ ಮೊದಲು ಅದರ ತಿರುಳನ್ನು ಎರಡು ಪುಟಕ್ಕೆ ಮೀರದಂತೆ ಕನ್ನಡದಲ್ಲಿ ಬರೆದು ಪಿಎಚ್‌ಸಿ ವೈದ್ಯರಿಗೆ, ಗ್ರಾಮ ಪಂಚಾಯಿತಿಗೆ, ಆಶಾಗೆ ಕೊಡಬೇಕು. ಗ್ರಾಮಸಭೆಯಲ್ಲಿ ಓದಲು ಅವಕಾಶ ಸಿಕ್ಕರೆ ಓದಬೇಕು. ‘ಮಹತ್ವದ ವ್ಯತ್ಯಾಸ’, ‘ಸಹಸಂಬಂಧ’ ಇತ್ಯಾದಿ ಬಿಟ್ಟು ನಾಲ್ಕು ಮನೆಯಲ್ಲಿ ಎಷ್ಟು ಮನೆಗೆ ಏನು ಕಂಡಿತು ಎಂದು ಹೇಳಬೇಕು. ಹೀಗೆ ಓದಿದಾಗ ಒಂದು ಪಂಚಾಯಿತಿಯವರು ಪೈಪಿನ ಕಡೆಯ ಕೇರಿಗೆ ಬೇರೆ ವಾಲ್ವ್ ಹಾಕಿಸಿದರು. ಇನ್ನೊಂದು ಕಡೆ, ಗೊತ್ತಿತ್ತು ಬಿಡಿ, ಅಂದು ಎದ್ದು ಹೋದರು.

ನೀವು ಯಾವ ಕಾಲೇಜಿನಲ್ಲಿ, ಯಾವ ದೇಶದಲ್ಲೇ ಓದುತ್ತಿರಿ, ನಿಮ್ಮ ಪ್ರಬಂಧ ಕರ್ನಾಟಕದ ಯಾವುದೋ ಹಳ್ಳಿಯ ಮೇಲಿದ್ದರೆ ಆ ಎರಡು ಪುಟ ಬರೆಯಿರಿ. ಹಳೆಯ ಪ್ರಬಂಧ ಮನೆಯಲ್ಲಿ ಬಿದ್ದಿದ್ದರೆ ಅದಕ್ಕೂ ಬರೆದು, ಆ ಊರಿನ ಪಿಎಚ್‌ಸಿಗೆ ಅಂಚೆಯಲ್ಲಾದರೂ ಕಳಿಸಿ.